ಸಿಎ-125 ಸ್ವಲ್ಪ ಹೆಚ್ಚು ಬಂದರೆ ಕ್ಯಾನ್ಸರಾ?

ಪ್ರಶ್ನೆ (ಕಾಪು): ಡಾಕ್ಟ್ರೇ, ಅಕ್ಕನಿಗೆ 41 ವರ್ಷ, ತೊಂದರೆ ಎಂತದ್ದೂ ಇಲ್ಲ. ಚೆಕಪ್ ಪ್ಯಾಕೇಜಲ್ಲಿ ಅಂಡಾಶಯದ ಕ್ಯಾನ್ಸರ್ ಹುಡುಕುವ ಸಿಎ-125 ಅನ್ನುವ ರಕ್ತಪರೀಕ್ಷೆ ಸೇರಿತ್ತು, 58 ಬಂದಿದೆ. 35ರ ಒಳಗೆ ಇರಬೇಕಂತೆ. ಮಂಗಳೂರಿಗೆ ಹೋಗಿ ಪೆಟ್ ಸ್ಕ್ಯಾನ್ (ಇಡೀ ಮೈಯಲ್ಲಿ ಕ್ಯಾನ್ಸರ್ ಹುಡುಕುವ ಸ್ಕ್ಯಾನ್) ಮಾಡಿಸ್ಬೇಕಾ?

ಉತ್ತರ (ಬಯೋಕೆಮಿಸ್ಟ್ರಿ ವೈದ್ಯೆ, ಮಣಿಪಾಲ): ಪೆಟ್ ಸ್ಕ್ಯಾನ್ ಈಗ ಬೇಡ. ರಕ್ತ ಕೊಟ್ಟ ದಿನ ಅಕ್ಕ ಮುಟ್ಟಾಗಿದ್ರಾ ಅಂತ ಮೊದಲು ಕೇಳಿ.

ಸಿಎ-125 ಕ್ಯಾನ್ಸರ್ ಗಡ್ಡೆಯಲ್ಲಿ ಮಾತ್ರ ಹುಟ್ಟುವ ವಸ್ತುವಲ್ಲ. ಗರ್ಭಕೋಶದ ಒಳಪದರ, ಹೊಟ್ಟೆಯ ಮತ್ತು ಶ್ವಾಸಕೋಶದ ಪೊರೆ ಎಲ್ಲವೂ ಅದನ್ನು ತಯಾರಿಸುತ್ತವೆ, ಕೆರಳಿದಾಗ ರಕ್ತಕ್ಕೆ ಹೆಚ್ಚು ಬಿಡುತ್ತವೆ. ಹಾಗಾಗಿ ಮುಟ್ಟು, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರ್ ಅಲ್ಲದ ಗಡ್ಡೆ), ಗರ್ಭದ ಮೊದಲ ತಿಂಗಳುಗಳು, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬುವುದು, ಎಲ್ಲದರಲ್ಲೂ ಏರುತ್ತದೆ. ಹೊಟ್ಟೆಯ ಟಿಬಿಯಲ್ಲಂತೂ ನೂರಾರು ದಾಟುವುದುಂಟು.

ಪ್ಯಾಕೇಜಲ್ಲಿ ಇದನ್ನು ಸೇರಿಸುವುದೇ ತಪ್ಪು ಅಂತ ನಾನು ಹೇಳುವುದು ಒಂದು ಲೆಕ್ಕದ ಮೇಲೆ. ತೊಂದರೆ ಇಲ್ಲದ 10,000 ಮಹಿಳೆಯರಲ್ಲಿ 4 ಜನರಿಗೆ ಅಂಡಾಶಯದ ಕ್ಯಾನ್ಸರ್ ಅಡಗಿದೆ ಎಂದು ಇಟ್ಟುಕೊಳ್ಳಿ. ಪರೀಕ್ಷೆ 100ರಲ್ಲಿ ಒಬ್ಬರಿಗೆ ಮಾತ್ರ ಸುಳ್ಳು ಹೇಳಿದರೂ ಸುಮಾರು 100 ಮಂದಿ ಸುಮ್ಮನೆ ಹೆದರುತ್ತಾರೆ. ಬ್ರಿಟನ್ನಿನಲ್ಲಿ ಮುಟ್ಟು ನಿಂತ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು ಅಧ್ಯಯನ ನಡೆಯಿತು. 2021ರಲ್ಲಿ ಬಂದ ಕೊನೆಯ ಫಲಿತಾಂಶದಲ್ಲಿ ಈ ತಪಾಸಣೆಯಿಂದ ಸಾವು ಕಡಿಮೆಯಾದದ್ದು ಕಾಣಲಿಲ್ಲ.

ಅಕ್ಕನಿಗೆ ಈಗ ಸ್ತ್ರೀರೋಗ ತಜ್ಞರ ಹತ್ತಿರ ಕೆಳಹೊಟ್ಟೆಯ ಅಲ್ಟ್ರಾಸೌಂಡ್ ಸಾಕು. 4ರಿಂದ 6 ವಾರ ಬಿಟ್ಟು ಅದೇ ಲ್ಯಾಬಲ್ಲಿ ಇನ್ನೊಮ್ಮೆ ರಕ್ತ ಕೊಡಲಿ. ಬೇರೆ ಲ್ಯಾಬ್ ಬೇಡ, ಪರೀಕ್ಷೆಯ ಕಿಟ್ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ, ಹೋಲಿಸಲು ಬರುವುದಿಲ್ಲ. ಎರಡನೇ ಸಲ ಏರಿದರೆ, ಅಂಡಾಶಯದಲ್ಲಿ ಗಟ್ಟಿ ಭಾಗವಿರುವ ಗಡ್ಡೆ ಕಂಡರೆ, ಅಥವಾ ಅಮ್ಮ, ಚಿಕ್ಕಮ್ಮ, ದೊಡ್ಡಮ್ಮಂದಿರಲ್ಲಿ ಯಾರಿಗಾದರೂ ಸ್ತನ, ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ತಡಮಾಡದೆ ಕ್ಯಾನ್ಸರ್ ತಜ್ಞರನ್ನು ಕಾಣಿ. ಮುಟ್ಟು ನಿಂತವರಿಗೆ ಇದೇ 58 ಬಂದಿದ್ದರೆ ನಾನು ಹೆಚ್ಚು ಗಂಭೀರವಾಗಿ ನೋಡುತ್ತಿದ್ದೆ.

ಪ್ರಶ್ನೆ (ಸುರತ್ಕಲ್): ನಾರ್ಮಲ್ ಬಂದರೆ ನಿಶ್ಚಿಂತೆಯಾ ಮೇಡಂ?

ಉತ್ತರ (ಅದೇ ವೈದ್ಯೆ): ಅಲ್ಲ. ಅಂಡಾಶಯದ ಕ್ಯಾನ್ಸರ್ ಮೊದಲ ಹಂತದಲ್ಲಿರುವಾಗ ಸುಮಾರು ಅರ್ಧದಷ್ಟು ಜನರಲ್ಲಿ ಸಿಎ-125 ನಾರ್ಮಲ್ಲೇ ಇರುತ್ತದೆ. ವಾರಗಟ್ಟಲೆ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರ ಇದ್ದರೆ ರಿಪೋರ್ಟ್ ಹೇಗೇ ಇರಲಿ, ತೋರಿಸಿ.

ಪ್ರಶ್ನೆ (ಬಂಟ್ವಾಳ): ಮಾವನಿಗೆ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ) 6.8 ಬಂದಿದೆ, ಹೆಚ್ಚಂತೆ. ತಿಂಗಳ ಹಿಂದೆ ಮೂತ್ರದ ಸೋಂಕಿಗೆ ಕ್ಯಾತಿಟರ್ (ಮೂತ್ರ ತೆಗೆಯುವ ನಳಿಗೆ) ಹಾಕಿದ್ರು.

ಉತ್ತರ (ಲ್ಯಾಬ್ ಟೆಕ್ನಿಷಿಯನ್, ಮಂಗಳೂರು): ಸೋಂಕು, ಕ್ಯಾತಿಟರ್ ಎರಡೂ ಪಿಎಸ್‌ಎ ಏರಿಸುತ್ತವೆ. ಸೋಂಕು ಪೂರ್ತಿ ವಾಸಿಯಾಗಿ 6ರಿಂದ 8 ವಾರ ಕಳೆದ ಮೇಲೆ ಮತ್ತೆ ಮಾಡಿಸಿ. ಪ್ರಾಸ್ಟೇಟಿಗೆ ಡ್ಯುಟಾಸ್ಟರೈಡ್, ಫಿನಾಸ್ಟರೈಡ್ ಮಾತ್ರೆ ಆರು ತಿಂಗಳಿಂದ ನುಂಗುತ್ತಿದ್ದರೆ ಡಾಕ್ಟ್ರಿಗೆ ಹೇಳಲೇಬೇಕು. ಅವು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ, ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ ನೋಡಬೇಕಾಗುತ್ತದೆ.

ಕೂದಲಿಗೆಂದು ತಿನ್ನುವ ಬಯೋಟಿನ್ ಮಾತ್ರೆಯೂ ಮೋಸ ಮಾಡುತ್ತದೆ. ಕೆಲವು ಮೆಷಿನ್‌ಗಳ ಕಿಟ್ಟಿನಲ್ಲೇ ಬಯೋಟಿನ್ ಅಂಟು ಇರುತ್ತದೆ. ರಕ್ತದ ಬಯೋಟಿನ್ ಆ ಜಾಗ ಹಿಡಿದುಕೊಂಡರೆ ಪಿಎಸ್‌ಎ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಡಾಕ್ಟ್ರನ್ನು ಕೇಳಿ ಮೂರು ದಿನ ಮೊದಲೇ ನಿಲ್ಲಿಸಿ.

ರಕ್ತ ತೆಳು ಮಾಡುವ ಮಾತ್ರೆ ಇದ್ದರೂ ಸೂಜಿ ಚುಚ್ಚುವವರಿಗೆ ತಿಳಿಸಿ. ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಬಿಡುವ ತಿಳಿ) ತೆಗೆಯುವ ಟ್ಯೂಬಿನ ರಕ್ತ ಸುಮಾರು 30 ನಿಮಿಷ ನಿಂತು ಹೆಪ್ಪುಗಟ್ಟಬೇಕು, ಆ ಮಾತ್ರೆ ಇದ್ದರೆ ಅದು ತಡವಾಗುತ್ತದೆ. ಅರೆ ಹೆಪ್ಪಾದದ್ದನ್ನು ಸೀರಮ್ ಬೇರ್ಪಡಿಸುವ ಮೆಷಿನ್ನಿನಲ್ಲಿ ತಿರುಗಿಸಿದರೆ ಸೀರಮ್ಮಿನಲ್ಲಿ ಜೇಡರ ಬಲೆಯಂಥ ಎಳೆ ಉಳಿದು ಮೆಷಿನ್ನಿನ ಸೂಜಿಗೆ ಸಿಕ್ಕಿಕೊಳ್ಳುತ್ತದೆ, ಸಂಖ್ಯೆ ಕೆಡುತ್ತದೆ.

ಪ್ರಶ್ನೆ (ಕಾಪು): ಡಾಕ್ಟ್ರೇ, ಅಕ್ಕನನ್ನು ಕೇಳಿದೆ. ಮುಟ್ಟಿನ ಎರಡನೇ ದಿನವಂತೆ.

ಉತ್ತರ (ಬಯೋಕೆಮಿಸ್ಟ್ರಿ ವೈದ್ಯೆ): ಹಾಗಾದರೆ ಮುಂದಿನ ಮುಟ್ಟು ಮುಗಿದು ಒಂದು ವಾರ ಬಿಟ್ಟು ಕೊಡಲಿ, ಚೀಟಿಯಲ್ಲಿ ಮುಟ್ಟಿನ ತಾರೀಕು ಬರೆಸಿ. ಖಾಲಿಹೊಟ್ಟೆ ಬೇಕಾಗಿಲ್ಲ. ಸ್ತ್ರೀರೋಗ ತಜ್ಞರಲ್ಲಿಗೆ ಹೋದಾಗ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನೂ ಕೇಳಿ ಮಾಡಿಸಿಕೊಳ್ಳಿ. 41ರಲ್ಲಿ ಅಕ್ಕನಿಗೆ ನಿಜಕ್ಕೂ ಬೇಕಾದದ್ದು ಅದು.