ಅಪ್‌ಡೇಟ್: ಮುಚ್ಚಿದ ಶೆಡ್‌ಗೆ ಹಕ್ಕಿಜ್ವರ ಬರುವ ದಾರಿ

ರೋಗ ಹೊತ್ತು ತರುವ ಕಾಡುಬಾತು ಒಳಗೆ ಬಾರದ ಕೋಳಿ ಶೆಡ್‌ನಲ್ಲೂ ಹಕ್ಕಿಜ್ವರ ಹೇಗೆ ಬರುತ್ತದೆ ಎಂದು ಹಿಂದೆ ಕೇಳಿದ್ದೆ. ಉತ್ತರ ನೀಡಿದವರಿಗೆಲ್ಲ ವಂದನೆ. ತಿಳಿದುಬಂದದ್ದು ಇಷ್ಟು.

ವೈರಸ್ಸು ಹೆಚ್ಚಾಗಿ ಬರುವುದು ಹಿಕ್ಕೆಯ ಜೊತೆ. ಬೂಟು, ಲಾರಿಯ ಟೈರು, ವಾಪಸು ಬಂದ ಮೊಟ್ಟೆ ಟ್ರೇ, ಕೆರೆಯ ನೀರು. ನನ್ನ ಲೆಕ್ಕದಲ್ಲಿ ಟ್ರೇಯೇ ಮೊದಲ ಶಂಕಿತ. ಅದನ್ನು ಯಾರೂ ಉಜ್ಜಿ ತೊಳೆಯುವುದಿಲ್ಲ. ತಂಪು, ತೇವದ ಗೊಬ್ಬರದಲ್ಲಿ ವೈರಸ್ಸು ವಾರಗಟ್ಟಲೆ ಉಳಿಯುತ್ತದೆ.

ಕಡಿಮೆ ತೀವ್ರತೆಯ ತಳಿಗಳು ಉಸಿರಾಟದ ನಾಳ ಮತ್ತು ಕರುಳಿನಲ್ಲಷ್ಟೇ ಬೆಳೆಯುತ್ತವೆ, ಏಕೆಂದರೆ ಜೀವಕೋಶದೊಳಗೆ ನುಗ್ಗಲು ಅವುಗಳ ಹೊರಪ್ರೋಟೀನು ತುಂಡಾಗಬೇಕು, ಅದನ್ನು ಕತ್ತರಿಸುವ ಕಿಣ್ವ ಅಲ್ಲಿ ಮಾತ್ರ ಇದೆ. ತೀವ್ರ ಎಚ್‌5, ಎಚ್‌7 ತಳಿಗಳ ಆ ಪ್ರೋಟೀನನ್ನು ದೇಹದ ಎಲ್ಲ ಅಂಗಗಳಲ್ಲಿರುವ ಫ್ಯೂರಿನ್ ಎಂಬ ಕಿಣ್ವ ಕತ್ತರಿಸುತ್ತದೆ, ಅವು ಎಲ್ಲೆಡೆ ಬೆಳೆಯುತ್ತವೆ. ಹಾಗಾಗಿಯೇ ಜುಟ್ಟು ನೀಲಿಯಾಗುವುದು, ಕಾಲಿನ ಮೇಲೆ ರಕ್ತಸ್ರಾವದ ಕೆಂಪು, ಕೆಲವೊಮ್ಮೆ ಲಕ್ಷಣವೇ ಇಲ್ಲದೆ ಸಾವು. ಕೋಳಿಗಳ ಇನ್ನೊಂದು ವೈರಸ್ ರೋಗವಾದ ಕೊಕ್ಕರೆ ರೋಗವೂ (ರಾಣಿಖೇತ್) ಹೀಗೇ ಕಾಣಬಹುದು, ನೋಡಿ ಹೇಳಲಾಗದು. ಗಂಟಲು ಮತ್ತು ಗುದದ್ವಾರದ ಸ್ವಾಬ್ ಬೇಕು, ಖಚಿತ ಫಲಿತಾಂಶ ಭೋಪಾಲದ ರಾಷ್ಟ್ರೀಯ ಪಶುರೋಗ ಪ್ರಯೋಗಾಲಯದಿಂದ. ಸತ್ತ ಕೋಳಿಯನ್ನು ನೀವೇ ಕೊಯ್ದು ನೋಡಬೇಡಿ, ಪಶುವೈದ್ಯರನ್ನು ಕರೆಸಿ.

ಸೋಂಕುನಿವಾರಕದ ಬಗ್ಗೆ: ಹಿಕ್ಕೆ ಮೆತ್ತಿದ ಬೂಟನ್ನು ಬ್ಲೀಚಿಂಗ್ ನೀರಿಗೆ ಅದ್ದಿದರೆ ವ್ಯರ್ಥ, ಕ್ಲೋರಿನ್ ಕೊಳೆಯ ಮೇಲೆಯೇ ಖರ್ಚಾಗುತ್ತದೆ. ಮೊದಲು ಸೋಪುನೀರಲ್ಲಿ ಬ್ರಷ್ ಹಾಕಿ ಉಜ್ಜಿ; ವೈರಸ್ಸಿನ ಕೊಬ್ಬಿನ ಹೊದಿಕೆ ಸೋಪಿಗೇ ಒಡೆಯುತ್ತದೆ. ಶೆಡ್ ಬಾಗಿಲಲ್ಲಿ ಬೂಟು ಅದ್ದುವ ಕಾಲ್ತೊಟ್ಟಿಯ ದ್ರಾವಣ ದಿನವೂ ಬದಲಾಗಬೇಕು, ಕೊಳೆಯಾದರೆ ಇನ್ನೂ ಬೇಗ. ಅದಕ್ಕಿಂತ ಸುಲಭ, ಪ್ರತಿ ಶೆಡ್‌ಗೂ ಬೇರೆ ಚಪ್ಪಲಿ.

ರೋಗ ದೃಢಪಟ್ಟರೆ 1 ಕಿ.ಮೀ. ಒಳಗಿನ ಕೋಳಿಗಳ ವಧೆ, 10 ಕಿ.ಮೀ.ವರೆಗೆ ನಿಗಾ.