ಮೊದಲ ಬಾರಿಗೆ ಕಂಪ್ಯೂಟರ್ ಆಧಾರಿತ ಪರೀಕ್ಷೆ ನಡೆಸುವ ಶಾಲೆ ಯಾವ ಸಿದ್ಧತೆ ಮಾಡಿಕೊಳ್ಳಬೇಕು?

ಪ್ರಶ್ನೆ (ಮುಖ್ಯೋಪಾಧ್ಯಾಯಿನಿ)

ಎಲ್ಲರಿಗೂ ನಮಸ್ಕಾರ. ಇದುವರೆಗೆ ಕಾಗದದ ಮೇಲೆ ನಡೆಯುತ್ತಿದ್ದ ಪ್ರಮಾಣೀಕೃತ ಪರೀಕ್ಷೆಯನ್ನು ನಮ್ಮ ಶಾಲೆಯ 420 ವಿದ್ಯಾರ್ಥಿಗಳು ಮುಂದಿನ ವರ್ಷ ಕಂಪ್ಯೂಟರ್‌ನಲ್ಲಿ ಬರೆಯಲಿದ್ದಾರೆ. ಪರೀಕ್ಷೆಯ ಅವಧಿ ಎರಡು ಗಂಟೆ. ನಮ್ಮ ಲ್ಯಾಬಿನಲ್ಲಿರುವುದು 35 ಕಂಪ್ಯೂಟರ್‌ಗಳು. ಕಳೆದ ವಾರ ಒಂದು ತರಗತಿಗೆ ಪ್ರಾಯೋಗಿಕವಾಗಿ ಗಣಿತ ಪರೀಕ್ಷೆ ನಡೆಸಿದಾಗ, ತರಗತಿಯಲ್ಲಿ ಸದಾ ಮುಂದಿರುವ ಒಬ್ಬ ವಿದ್ಯಾರ್ಥಿನಿ ಅರ್ಧದಷ್ಟು ಲೆಕ್ಕಗಳನ್ನು ತಪ್ಪು ಮಾಡಿದಳು. ಅವಳಿಗೆ ಗಣಿತ ಬರುತ್ತದೆ ಎಂಬುದು ನನಗೆ ಗೊತ್ತು. ಹಾಗಾದರೆ ನಾವು ಅಳೆದದ್ದು ಏನನ್ನು ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಯಂತ್ರಗಳ ವ್ಯವಸ್ಥೆ ಹೇಗಿರಬೇಕು, ಪಾಠದ ಸಮಯವನ್ನು ಹೆಚ್ಚು ಕಳೆದುಕೊಳ್ಳದೆ ಮಕ್ಕಳನ್ನು ಹೇಗೆ ಅಣಿಗೊಳಿಸಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ಶಿಕ್ಷಕ)

ಮೇಡಂ, ಮೊದಲು 35 ಯಂತ್ರಗಳನ್ನು 30 ಎಂದೇ ಲೆಕ್ಕ ಹಾಕಿಕೊಳ್ಳಿ. ಪರೀಕ್ಷೆಯ ನಡುವೆ ಒಂದು ಯಂತ್ರ ಕೈಕೊಟ್ಟರೆ ವಿದ್ಯಾರ್ಥಿಯನ್ನು ತಕ್ಷಣ ಕೂರಿಸಲು ಐದಾದರೂ ಬಿಡುವಾಗಿರಬೇಕು. ಆಗ 420 ಮಕ್ಕಳಿಗೆ 14 ತಂಡಗಳಾಗುತ್ತವೆ. ಎರಡು ಗಂಟೆಯ ಪರೀಕ್ಷೆಗೆ ಮುನ್ನ ಲಾಗಿನ್ ಮಾಡಿಸಲು ಅರ್ಧ ಗಂಟೆ, ನಂತರ ಉತ್ತರಗಳು ತಲುಪಿವೆಯೇ ಎಂದು ನೋಡಿ ಮುಂದಿನ ತಂಡಕ್ಕೆ ಅಣಿಮಾಡಲು ಇನ್ನರ್ಧ ಗಂಟೆ ಬೇಕಾಗುವುದರಿಂದ ದಿನಕ್ಕೆ ಎರಡು ತಂಡಗಳಿಗಿಂತ ಹೆಚ್ಚು ಆಗುವುದಿಲ್ಲ. ಅಂದರೆ ಏಳು ದಿನ. ಅಷ್ಟು ದಿನ ಉಳಿದ ತರಗತಿಗಳಿಗೆ ಲ್ಯಾಬ್ ಸಿಗುವುದಿಲ್ಲ ಎಂಬುದನ್ನು ವೇಳಾಪಟ್ಟಿಯಲ್ಲಿ ಈಗಲೇ ಬರೆದುಕೊಳ್ಳಿ. ಮೊದಲ ದಿನದ ತಂಡಕ್ಕೂ ಏಳನೆಯ ದಿನದ ತಂಡಕ್ಕೂ ಒಂದೇ ಪ್ರಶ್ನೆಗಳು ಬರುತ್ತವೆಯೇ ಎಂಬುದನ್ನೂ ಪರೀಕ್ಷಾ ಸಂಸ್ಥೆಯಿಂದ ಕೇಳಿ ತಿಳಿಯಬೇಕು.

ಆ ಸಂಸ್ಥೆಯನ್ನು ಕೇಳಬೇಕಾದ ಇನ್ನೂ ಮುಖ್ಯವಾದ ಪ್ರಶ್ನೆ, ನಡುವೆ ಇಂಟರ್‌ನೆಟ್ ನಿಂತರೆ ಏನಾಗುತ್ತದೆ ಎಂಬುದು. ಅಮೆರಿಕದ ಕಾಲೇಜು ಪ್ರವೇಶಕ್ಕೆ ಬಳಸುವ ಡಿಜಿಟಲ್ ಎಸ್‌ಎಟಿಯಂತಹ ಪರೀಕ್ಷೆಗಳಲ್ಲಿ ಸಂಪರ್ಕ ಕಡಿದರೂ ವಿದ್ಯಾರ್ಥಿ ಬರೆಯುತ್ತಲೇ ಹೋಗಬಹುದು. ಉತ್ತರಗಳು ಅದೇ ಸಾಧನದಲ್ಲಿ ಉಳಿದು, ಸಂಪರ್ಕ ಮರಳಿದಾಗ ಸಲ್ಲಿಕೆಯಾಗುತ್ತವೆ. ಕೆಲವು ವ್ಯವಸ್ಥೆಗಳಲ್ಲಿ ಪ್ರಶ್ನೆಗಳನ್ನು ಮೊದಲೇ ಶಾಲೆಯ ಸರ್ವರ್‌ಗೆ ಇಳಿಸಿಕೊಳ್ಳಲಾಗುತ್ತದೆ. ಪ್ರತಿ ಉತ್ತರಕ್ಕೂ ಇಂಟರ್‌ನೆಟ್ ಸಂಪರ್ಕ ಇರಲೇಬೇಕಾಗುವ ವ್ಯವಸ್ಥೆಯಾದರೆ ನಿಮ್ಮ ಸಿದ್ಧತೆ ಬೇರೆಯೇ ಆಗಬೇಕಾಗುತ್ತದೆ.

ಒಂದು ಯಂತ್ರದಲ್ಲಿ ತೆರೆದು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುವುದು ಅಪಾಯಕಾರಿ. ನಮ್ಮಲ್ಲಿ ಹಾಗೆಯೇ ಆಯಿತು: ಒಂದರಲ್ಲಿ ಕ್ಷಣಾರ್ಧದಲ್ಲಿ ತೆರೆದ ಪುಟ, ಎಲ್ಲರೂ ಒಟ್ಟಿಗೆ ಲಾಗಿನ್ ಆದಾಗ ನಿಮಿಷಗಟ್ಟಲೆ ತೆರೆಯಲೇ ಇಲ್ಲ. ಆದ್ದರಿಂದ ಅಷ್ಟೂ ಯಂತ್ರಗಳ ಮುಂದೆ ಅಷ್ಟೂ ಮಕ್ಕಳನ್ನು ಕೂರಿಸಿ, ಅದೇ ಹೊತ್ತಿಗೆ ಪೂರ್ವಾಭ್ಯಾಸ ನಡೆಸಿ. ತಾನಾಗಿಯೇ ಆಗುವ ಸಾಫ್ಟ್‌ವೇರ್ ಅಪ್‌ಡೇಟ್‌ಗಳನ್ನು ಆ ವಾರದ ಮಟ್ಟಿಗೆ ಮುಂದೂಡಿ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂಬುದನ್ನು ವಿದ್ಯುತ್ ನಿಲ್ಲಿಸಿಯೇ ನೋಡಿ. ರೂಟರ್‌ಗೂ ಯುಪಿಎಸ್ ಸಂಪರ್ಕವಿರಲಿ, ಬಹಳ ಕಡೆ ಮರೆಯುವುದು ಅದನ್ನೇ.

ಉತ್ತರ 2 (ಗಣಿತ ಶಿಕ್ಷಕಿ)

ಮೇಡಂ, ನಿಮ್ಮ ವಿದ್ಯಾರ್ಥಿನಿಯ ವಿಷಯ ಓದಿ ಮನಸ್ಸಿಗೆ ನೋವಾಯಿತು, ಏಕೆಂದರೆ ನನ್ನ ತರಗತಿಯಲ್ಲೂ ಇದನ್ನು ಕಂಡಿದ್ದೇನೆ. ಅದೇ ಪ್ರಶ್ನೆಯನ್ನು ಕಾಗದದ ಮೇಲೆ ಕೇಳುವುದಕ್ಕೂ ಪರದೆಯ ಮೇಲೆ ಕೇಳುವುದಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸ ಬರಬಹುದು ಎಂಬುದನ್ನು ಪರೀಕ್ಷಾ ತಜ್ಞರು ಒಪ್ಪುತ್ತಾರೆ. ಹಲವು ದೇಶಗಳ 15 ವರ್ಷದ ವಿದ್ಯಾರ್ಥಿಗಳ ಕಲಿಕೆಯನ್ನು ಅಳೆಯುವ ಅಂತರರಾಷ್ಟ್ರೀಯ ಪೀಸಾ ಮೌಲ್ಯಮಾಪನ 2015ರಲ್ಲಿ ಬಹುಪಾಲು ದೇಶಗಳಲ್ಲಿ ಕಂಪ್ಯೂಟರ್‌ಗೆ ಬದಲಾದಾಗ, ಹಿಂದಿನ ಫಲಿತಾಂಶಗಳೊಡನೆ ಹೋಲಿಕೆ ಕೆಡದಂತೆ ನೋಡಿಕೊಳ್ಳಲು ಈ ವ್ಯತ್ಯಾಸವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಯಿತು.

ಮೌಸ್ ಹಿಡಿಯಲು ಮಕ್ಕಳು ಬೇಗ ಕಲಿಯುತ್ತಾರೆ. ಕಷ್ಟವಿರುವುದು ಬೇರೆಡೆ. ಕಾಗದದ ಮೇಲೆ ಮಗು ತ್ರಿಭುಜದ ಪಕ್ಕದಲ್ಲೇ ಕೋನದ ಅಳತೆ ಬರೆದುಕೊಳ್ಳುತ್ತದೆ, ಪ್ರಶ್ನೆಯ ಮುಖ್ಯ ಪದಕ್ಕೆ ಅಡಿಗೆರೆ ಎಳೆಯುತ್ತದೆ. ಪರದೆಯ ಮೇಲೆ ಕೈಗೆ ಆ ಜಾಗ ಸಿಗದಿದ್ದಾಗ ಅದು ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳಲು ಹೋಗಿ ಎಡವುತ್ತದೆ. ಹಾಗಾಗಿ ನಾನು ಮೊದಲು ಕಲಿಸುವುದು ಪರದೆಯಿಂದ ಕಚ್ಚಾ ಹಾಳೆಗೆ ಇಳಿಸಿಕೊಳ್ಳುವ ಅಭ್ಯಾಸವನ್ನು: ಪ್ರಶ್ನೆಯ ಸಂಖ್ಯೆ ಬರೆ, ಚಿತ್ರವನ್ನು ಒರಟಾಗಿ ಬಿಡಿಸು, ದತ್ತಾಂಶವನ್ನು ಅದರ ಮೇಲೆ ಹಾಕು, ಆಮೇಲೆ ಲೆಕ್ಕಕ್ಕೆ ಕೈಹಾಕು. ಇದಕ್ಕೆ ಕಂಪ್ಯೂಟರೇ ಬೇಕಿಲ್ಲ; ಗೋಡೆಯ ಮೇಲೆ ಪ್ರೊಜೆಕ್ಟರ್‌ನಿಂದ ಪ್ರಶ್ನೆ ತೋರಿಸಿ ಪಾಠದ ನಡುವೆಯೇ ಮಾಡಿಸಬಹುದು. ಭಾಷಾ ಶಿಕ್ಷಕರು ಉದ್ದದ ಗದ್ಯಭಾಗಗಳನ್ನು ಸ್ಕ್ರೋಲ್ ಮಾಡಿ ಓದಿಸಲಿ, ಪರೀಕ್ಷೆಯ ಭಾಷೆಯ ಕೀಲಿಮಣೆಯಲ್ಲೇ ಪ್ರಬಂಧ ಟೈಪ್ ಮಾಡಿಸಲಿ.

ಪರೀಕ್ಷೆ ಉತ್ತರಕ್ಕೆ ತಕ್ಕಂತೆ ಕಠಿಣತೆಯನ್ನು ಬದಲಿಸುವ ಬಗೆಯದಾದರೆ ಮಕ್ಕಳಿಗೆ ಅದನ್ನು ಮುಂಚೆಯೇ ವಿವರಿಸಿ. ಮೊದಲ ಭಾಗ ಚೆನ್ನಾಗಿ ಮಾಡಿದವರಿಗೆ ಎರಡನೆಯ ಭಾಗ ಕಷ್ಟವಾಗಿ ಬರಬಹುದು. ಅದು ಗೊತ್ತಿಲ್ಲದ ಮಗು ತಾನು ಸೋಲುತ್ತಿದ್ದೇನೆಂದು ಧೈರ್ಯಗೆಡುತ್ತದೆ.

ಉತ್ತರ 3 (ವಿಶೇಷ ಶಿಕ್ಷಣ ಶಿಕ್ಷಕ)

ಒಂದು ಮಾತು ಸೇರಿಸುತ್ತೇನೆ. ಹೆಚ್ಚುವರಿ ಸಮಯ, ದೊಡ್ಡ ಅಕ್ಷರ, ಪಠ್ಯವನ್ನು ಓದಿ ಹೇಳುವ ಸೌಲಭ್ಯ ಇವುಗಳನ್ನು ಸಾಮಾನ್ಯವಾಗಿ ವಿದ್ಯಾರ್ಥಿಯ ಖಾತೆಯಲ್ಲಿ ಮೊದಲೇ ನಮೂದಿಸಿರಬೇಕಾಗುತ್ತದೆ. ಪರೀಕ್ಷೆ ಆರಂಭವಾದ ಮೇಲೆ ಮೇಲ್ವಿಚಾರಕರ ಕೈಯಲ್ಲಿ ಅದು ಇರುವುದಿಲ್ಲ. ಹೆಚ್ಚುವರಿ ಸಮಯ ಪಡೆಯುವವರನ್ನು ದಿನದ ಕೊನೆಯ ತಂಡದಲ್ಲಿ ಕೂರಿಸಿದರೆ ಮುಂದಿನ ತಂಡ ಬಾಗಿಲಲ್ಲಿ ಕಾಯುವ ಒತ್ತಡ ಅವರ ಮೇಲೆ ಬೀಳುವುದಿಲ್ಲ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಇಂದು ಆ ವಿದ್ಯಾರ್ಥಿನಿಯನ್ನು ಕರೆದು ಮಾತನಾಡಿಸಿದೆ. ಕಚ್ಚಾ ಹಾಳೆಯನ್ನು ಏಕೆ ಬಳಸಲಿಲ್ಲ ಎಂದು ಕೇಳಿದಾಗ, ಕಂಪ್ಯೂಟರ್ ಪರೀಕ್ಷೆಯಲ್ಲಿ ಪೆನ್ನು ಹಿಡಿಯಬಾರದೆಂದು ತಾನು ತಿಳಿದಿದ್ದಾಗಿ ಹೇಳಿದಳು. ನಿಜವೆಂದರೆ ಅಂದು ನಾವು ಯಾವ ಮೇಜಿನ ಮೇಲೂ ಹಾಳೆಯನ್ನೇ ಇಟ್ಟಿರಲಿಲ್ಲ. ಸೋಮವಾರ ಅದೇ ತರಗತಿಗೆ ಹಾಳೆಗಳನ್ನು ಕೊಟ್ಟು, ಬೇರೆ ಪ್ರಶ್ನೆಗಳೊಂದಿಗೆ ಮತ್ತೊಮ್ಮೆ ಪರೀಕ್ಷೆ ನಡೆಸುತ್ತೇವೆ; ಫಲಿತಾಂಶವನ್ನು ಇಲ್ಲಿಯೇ ತಿಳಿಸುತ್ತೇನೆ.