√−12 × √−3: ಉತ್ತರ 6 ಅಲ್ವಾ?

ಉಡುಪಿ ಅಕ್ಕ:
ತಮ್ಮ ಫಸ್ಟ್ ಪಿಯುಸಿ. ಸಂಕೀರ್ಣ ಸಂಖ್ಯೆ ಪಾಠದಲ್ಲಿ √−12 × √−3 ಅಂತ ಒಂದು ಲೆಕ್ಕ. ಮೈನಸ್ ಮೈನಸ್ ಪ್ಲಸ್, √36 ಅಂದರೆ 6 ಅಂತಾನೆ. ಪುಸ್ತಕದ ಹಿಂದೆ −6 ಉಂಟು. ಅಚ್ಚಿನ ತಪ್ಪು ಅಂತ ಅವನ ವಾದ. ನಾನು ಕಾಮರ್ಸ್. ಕ್ಯಾಲ್ಕುಲೇಟರಿಗೆ √−12 ಹಾಕಿದರೆ ಮ್ಯಾಥ್ ಎರರ್ ಬರುತ್ತದೆ. ಯಾರಾದ್ರೂ ಹೇಳಿ ಮಾರಾಯ್ರೆ.

ಕುಂದಾಪ್ರ ಮೇಷ್ಟ್ರು:
ಪುಸ್ತಕ ಸರಿ ಉಂಟು. ವರ್ಗಮೂಲದ ಒಳಗೆ ಮೈನಸ್ ಕಂಡರೆ ಮೊದಲು ಅದನ್ನು ಐ (ಅಂದರೆ √−1) ಮಾಡಿ ಹೊರಗೆ ತರಬೇಕು. ಗುಣಾಕಾರ ಆಮೇಲೆ.

√−12 = ಐ√12 = 2ಐ√3
√−3 = ಐ√3

ಗುಣಿಸಿದರೆ 2 × 3 × ಐ², ಅಂದರೆ 6ಐ². ಐ² = −1. ಹಾಗಾಗಿ −6.

ಎರಡು ಮೂಲಗಳನ್ನು ಒಂದೇ √ ಒಳಗೆ ಸೇರಿಸುವ ನಿಯಮ ಹೈಸ್ಕೂಲಲ್ಲಿ ಧನ ಸಂಖ್ಯೆಗಳಿಗೆ ಕಲಿತದ್ದು. ಒಂದು ಋಣ ಇದ್ದರೂ ನಡೆಯುತ್ತದೆ. ಎರಡೂ ಋಣ ಆದರೆ ಕೈಕೊಡುತ್ತದೆ. 6 ಮತ್ತು −6, ಎರಡರ ವರ್ಗವೂ 36 ಅಲ್ವಾ? √36 ಅಂತ ಬರೆದ ಕೂಡಲೇ ಅದು ಯಾವುದರಿಂದ ಬಂದದ್ದು ಎನ್ನುವ ಗುರುತು ಅಳಿಸಿಹೋಗುತ್ತದೆ. ಒಳಗೆ ಧನ ಸಂಖ್ಯೆ ಇದ್ದರೆ √ ಚಿಹ್ನೆ ಯಾವಾಗಲೂ ಧನ ಉತ್ತರವನ್ನೇ ಕೊಡುತ್ತದೆ.

ತಮ್ಮನಿಗೆ ಬೈಬೇಡಿ. ಆಯ್ಲರ್‌ನಂಥ ದೊಡ್ಡ ಗಣಿತಜ್ಞರೇ 1770ರ ತಮ್ಮ ಬೀಜಗಣಿತ ಪುಸ್ತಕದಲ್ಲಿ √−1 × √−4 = 2 ಅಂತ ಬರೆದಿದ್ದಾರೆ.

ಸುರತ್ಕಲ್ ಇಲೆಕ್ಟ್ರಿಕಲ್:
ಐ ಅನ್ನು √ನ ಎಡಕ್ಕೇ ಬರೆಯಲು ಹೇಳಿ. 2√3ಐ ಅಂತ ಗಡಿಬಿಡಿಯಲ್ಲಿ ಗೀಚಿದರೆ √ನ ಮೇಲಿನ ಗೆರೆ ಉದ್ದವಾಗಿ ಐ ಕೂಡ ಒಳಗೆ ಸೇರಿಬಿಡುತ್ತದೆ. ನಮ್ಮಲ್ಲಿ ಐ ಬದಲು ಜೆ. ಐ ಕರೆಂಟಿಗೆ ಬೇಕಲ್ವಾ!

ಉಡುಪಿ ಅಕ್ಕ:
ಅಷ್ಟು ತಲೆಗೆ ಹೋಯಿತು. ಈಗ ಹೊಸ ರಾಗ. √12 ÷ √−3 ರಲ್ಲಿ ಒಂದೇ ಮೈನಸ್, ಹಾಗಾದರೆ ಸೇರಿಸಿ √−4 = 2ಐ ಮಾಡಬಹುದಲ್ವಾ ಅಂತ ಕೇಳ್ತಾನೆ.

ಕುಂದಾಪ್ರ ಮೇಷ್ಟ್ರು:
ಹುಡುಗ ಜೋರಿದ್ದಾನೆ. ಆದರೆ ಆಗುವುದಿಲ್ಲ. ಒಂದು ಋಣ ನಡೆಯುತ್ತದೆ ಅಂದದ್ದು ಗುಣಾಕಾರಕ್ಕೆ. ಭಾಗಾಕಾರದಲ್ಲಿ ಮೈನಸ್ ಛೇದದಲ್ಲಿ ಮಾತ್ರ ಇದ್ದರೆ ಎಡವಟ್ಟು. ಬಿಡಿಸಿ ನೋಡಿ: 2√3 ÷ ಐ√3 = 2/ಐ. ಮೇಲೆ ಕೆಳಗೆ ಐ ಇಂದ ಗುಣಿಸಿದರೆ 2ಐ/−1, ಅಂದರೆ −2ಐ. ಚಿಹ್ನೆಯೇ ತಿರುಗಿತು.

ತಮಾಷೆ ಎಂದರೆ √−12 ÷ √−3 ರಲ್ಲಿ ಎರಡೂ ಋಣ, ಆದರೂ ಸೇರಿಸಿದರೂ 2, ಬಿಡಿಸಿದರೂ 2. ಯಾವುದು ನಡೆಯುತ್ತದೆ, ಯಾವುದು ಇಲ್ಲ ಅಂತ ಬಾಯಿಪಾಠ ಮಾಡುತ್ತಾ ಕೂರುವುದು ಬೇಡ, ಮೊದಲು ಐ ಹೊರಗೆ ತಂದೇ ಮಾಡಲಿ. √−8 × √−2 × √−1 ಕೊಟ್ಟು ನೋಡಿ. −4ಐ ಬಂದರೆ ಪಾಸ್.